ಐದನೇ ಪ್ರಶ್ನೆ

"ಕಂಡೋರ ಕೈಕಾಲು ಹಿಡಿದು ಎತ್ತೋದು, ಇಳಿಸೋದು... ಇದೂ ಒಂದು ಉದ್ಯೋಗಾನಾ? ಅದಕ್ಕೊಂದು ಪರೀಕ್ಷೆ ಬೇರೆ ಕೇಡು!"

ಅತ್ತೆ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಚಮಚ ಹಾರಿ ಸೊಸೆಯ ಕಾಲ ಬಳಿ ಬಿತ್ತು. ಸೊಸೆ ಬಗ್ಗಿ ಅದನ್ನು ಎತ್ತಿಕೊಂಡು, ತೊಳೆದು, ಮತ್ತೆ ತಟ್ಟೆಯ ಪಕ್ಕದಲ್ಲೇ ಇಟ್ಟಳು. ಅವಳೇನು ಮನೆಯಲ್ಲಿ ಪಾಲು ಕೇಳಿದ್ದಳೇ? ಅರವತ್ತು ದಾಟಿದವರು ಒಬ್ಬರು ದಿನಕ್ಕೆ ಅರ್ಧ ಗಂಟೆ ತನ್ನ ಮಾತು ಕೇಳಿ ಎದ್ದು ಕೂತು ಮಾಡಬೇಕು, ಹನ್ನೆರಡು ವಾರ. ಅಷ್ಟೇ ಕೇಳಿದ್ದು! ಎದುರಿಗೆ ಕೂತಿದ್ದ ಗಂಡ, ಬಸ್ ಓಡಿಸುವವನು, ತುತ್ತು ನುಂಗದೆ ಗಡಿಯಾರ ನೋಡಿದ. "ನಂಗೆ ಡ್ಯೂಟಿ ಟೈಮಾಯ್ತು" ಎಂದವನೇ ಜಾಗ ಖಾಲಿ ಮಾಡಿದ. ಅಮ್ಮನಿಗೂ ಹೆಂಡತಿಗೂ ಮಾತು ಹತ್ತಿದಾಗಲೆಲ್ಲ ಅವನ ಡ್ಯೂಟಿ ಹತ್ತು ನಿಮಿಷ ಬೇಗ ಶುರುವಾಗುತ್ತಿತ್ತು.

ಆರು ವರ್ಷದಿಂದ ಅವಳು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಆ ದೊಡ್ಡ ಜಿಮ್ಮಿನ ಬಾಗಿಲ ಮೇಜಿನಲ್ಲಿ ಕೂತವಳು. ಬಂದವರ ಕಾರ್ಡು ನೋಡುವುದು, ಟವೆಲ್ ಕೊಡುವುದು, ಯಾರೋ ಮರೆತ ನೀರಿನ ಬಾಟಲಿ ಎತ್ತಿಡುವುದು. ಆದರೆ ಕಣ್ಣಿಗೆ ಯಾರು ಬೀಗ ಹಾಕುತ್ತಾರೆ? ಭಾರ ಎತ್ತುವಾಗ ಯಾರ ಬೆನ್ನು ಬಾಗುತ್ತದೆ, ಯಾರ ಮಂಡಿ ಒಳಕ್ಕೆ ವಾಲುತ್ತದೆ, ಯಾರು ಉಸಿರು ಕಟ್ಟಿ ಮುಖ ಕೆಂಪಗೆ ಮಾಡಿಕೊಳ್ಳುತ್ತಾರೆ ಎಲ್ಲವನ್ನೂ ಅವಳು ಕೂತಲ್ಲಿಂದಲೇ ನೋಡಿ ನೋಡಿ ಕಲಿತಿದ್ದಳು. ಟ್ರೈನರುಗಳನ್ನು ಕೇಳಲು ನಾಚುವ ಹೆಂಗಸರು ಮೆಲ್ಲಗೆ ಬಂದು ಅವಳನ್ನೇ ಕೇಳುತ್ತಿದ್ದರು, ಅವಳೂ ಕೈ ಹಿಡಿದು ತೋರಿಸಿಕೊಡುತ್ತಿದ್ದಳು. ಒಂದು ದಿನ ಮ್ಯಾನೇಜರ್ ಅದನ್ನು ನೋಡಿಬಿಟ್ಟ. "ಮೇಡಂ, ಸರ್ಟಿಫಿಕೇಟ್ ಇಲ್ಲದೆ ಯಾರ ಮೈಗೂ ಕೈ ಹಚ್ಚಬೇಡಿ. ಆಸೆ ಇದ್ರೆ ಪರೀಕ್ಷೆ ಬರೀರಿ, ಟ್ರೈನರ್ ಆಗಿ, ಬೇಡ ಅಂದೋರ್ಯಾರು?" ಅವನು ನಗುತ್ತ ಅಂದದ್ದು ಅವಳ ಮನಸ್ಸಿಗೆ ನಾಟಿತು. ಮೂವತ್ತೊಂಬತ್ತನೇ ವಯಸ್ಸಿನಲ್ಲಿ, ಬೀರುವಿನ ಬಾಗಿಲ ಒಳಗಡೆ ಸ್ನಾಯುಗಳ ಹೆಸರು ಅಂಟಿಸಿಕೊಂಡು, ತರಕಾರಿ ಹೆಚ್ಚುತ್ತ ಬಾಯಿಪಾಠ ಮಾಡಿ, ಬರೆಯುವ ಪರೀಕ್ಷೆಯನ್ನು ಪಾಸು ಮಾಡಿಯೇಬಿಟ್ಟಳು! ಉಳಿದದ್ದು ಇದೊಂದೇ. ಎಂದೂ ವ್ಯಾಯಾಮ ಮಾಡದ ಹಿರಿಯರೊಬ್ಬರನ್ನು ತಯಾರು ಮಾಡಿ ಪರೀಕ್ಷಕರ ಮುಂದೆ ನಿಲ್ಲಿಸಬೇಕು. ಇದು ತಪ್ಪಿದರೆ ಮುಂದಿನ ಪರೀಕ್ಷೆಗೆ ಮತ್ತೆ ಆರು ತಿಂಗಳು.

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು.

"ನಾನಾಗ್ತೀನಿ ಬಿಡು ಮಗಳೇ" ಎಂದರು ಮಾವ. "ನಲವತ್ತು ವರ್ಷ ಊರೋರ ಮೈ ಅಳೆದಿದ್ದೀನಿ. ನನ್ನ ಮೈ ಒಂದ್ಸಲ ಯಾರಾದ್ರೂ ಅಳೀಲಿ."

ಅಯ್ಯೋ, ಆ ಮಾವ! ಬೀದಿಯಲ್ಲೆಲ್ಲ ಅವರಿಗೆ 'ನಾಳೆ ಟೈಲರ್' ಎಂದೇ ಹೆಸರು. ಯಾವ ಗಿರಾಕಿ ಬಂದು "ಆಯ್ತಾ?" ಅಂದರೂ ಅವರ ಬಲಗೈ ತಾನಾಗಿ ಕತ್ತಿನಲ್ಲಿ ನೇತಾಡುವ ಅಳತೆ ಟೇಪಿನ ತುದಿಗೆ ಹೋಗುತ್ತಿತ್ತು, ಅದನ್ನು ಎರಡು ಸಲ ಬೆರಳಿಗೆ ಸುತ್ತಿ, "ಗುಂಡಿ ಒಂದು ಬಾಕಿ, ನಾಳೆ ಬನ್ನಿ" ಎನ್ನುತ್ತಿದ್ದರು. ಬಟ್ಟೆಗೆ ಕತ್ತರಿಯೇ ತಾಗಿರುತ್ತಿರಲಿಲ್ಲ! ಟೇಪು ಬೆರಳಿಗೆ ಸುತ್ತಿಕೊಂಡರು ಅಂದರೆ ಮಾವ ಸುಳ್ಳು ಹೇಳುತ್ತಿದ್ದಾರೆ ಅಂತಲೇ ಅರ್ಥ. ಹದಿನಾಲ್ಕು ವರ್ಷದಲ್ಲಿ ಸೊಸೆ ಇದನ್ನು ನೋಡಿ ಎಷ್ಟು ಸಲ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಾಳೋ. ಆದರೆ ಕೈಕೆಲಸ ಮಾತ್ರ ಅಂತಿಂಥದ್ದಲ್ಲ. ಒಂದು ಹೆಗಲು ಇಳಿದಿದ್ದವನ ಅಂಗಿಗೆ ಒಳಗಿಂದ ಒಂದು ಪದರ ಬಟ್ಟೆ ಕೊಟ್ಟು ಎರಡೂ ಹೆಗಲು ಸಮ ಕಾಣುವ ಹಾಗೆ ಮಾಡುತ್ತಿದ್ದರು, ಆ ಮಾತನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಮೈಯಲ್ಲಿರೋ ಕುಂದನ್ನ ಮಾತಾಡಬಾರದು ಮಗಳೇ, ಹೊಲಿಗೇಲಿ ಮುಚ್ಚಬೇಕು" ಎನ್ನುತ್ತಿದ್ದರು. ಆಗ ಅದು ಅವಳಿಗೆ ಎಷ್ಟು ಚೆನ್ನಾದ ಮಾತು ಅನ್ನಿಸಿತ್ತು.

ಅಂದೇ ಸಂಜೆ ಅವಳು ಫಾರಂ ತಂದಳು. ವ್ಯಾಯಾಮ ಶುರು ಮಾಡುವ ಮುಂಚೆ ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ಕೇಳಬೇಕಾದ ಎಂಟು ಪ್ರಶ್ನೆಗಳು ಅದರಲ್ಲಿದ್ದವು. ಎದೆ ನೋವು ಬರುತ್ತದೆಯೇ, ಮಾತ್ರೆ ನುಂಗುತ್ತೀರಾ, ಕೀಲು ನೋವಿದೆಯೇ... ಐದನೆಯದು, ತಲೆ ಸುತ್ತಿ ಬೀಳುವ ಹಾಗೆ ಆಗಿದ್ದುಂಟೇ. ಒಂದಕ್ಕೆ 'ಹೌದು' ಬಂದರೂ ಡಾಕ್ಟರ ಚೀಟಿ ಇಲ್ಲದೆ ಮುಂದುವರಿಯುವ ಹಾಗಿಲ್ಲ. ಉತ್ತರವನ್ನು ಅವರ ಬಾಯಿಂದಲೇ ಕೇಳಿ ಬರೆಯಬೇಕು ಎಂದು ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿತ್ತು, ಅದರ ಕೆಳಗೆ ಗೆರೆ ಎಳೆದುಕೊಂಡಿದ್ದವಳೂ ಅವಳೇ. ಆದರೆ ಮನೆಯವರನ್ನು ಯಾರಾದರೂ ಪ್ರಶ್ನೆ ಕೇಳುತ್ತಾರೆಯೇ? ಮಾವನ ಬಗ್ಗೆ ತನಗೆ ಗೊತ್ತಿಲ್ಲದ್ದು ಏನಿದೆ! ಒಲೆಯ ಮೇಲೆ ಹಾಲು ಉಕ್ಕಲು ಬಂದಿತ್ತು. ಒಂದು ಕಣ್ಣು ಅಲ್ಲಿಟ್ಟುಕೊಂಡು ಎಂಟಕ್ಕೆ ಎಂಟೂ 'ಇಲ್ಲ' ಎಂದು ಟಿಕ್ ಹಾಕಿ ಮಾವನ ಮುಂದೆ ಹಿಡಿದಳು. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. "ಎಲ್ಲಿ ಹಾಕಬೇಕು ಹೇಳು" ಎಂದು, ಓದದೆ, ತೋರಿಸಿದ ಜಾಗದಲ್ಲಿ ರುಜು ಹಾಕಿಬಿಟ್ಟರು. ಹಾಲು ಉಕ್ಕಲಿಲ್ಲ. ಅಂದು ಅವಳು ತನ್ನ ಚುರುಕುತನವನ್ನು ತಾನೇ ಮೆಚ್ಚಿಕೊಂಡಳು.

ಮರುದಿನದಿಂದ ಮುಂದಿನ ಕೋಣೆಯೇ ಜಿಮ್ಮಾಯಿತು. ಬೆಳಗ್ಗೆ ಆರಕ್ಕೆ ಮಾವ ತಾವೇ ಹೊಲಿದುಕೊಂಡ ಪ್ಯಾಂಟು ತೊಟ್ಟು ಠೀವಿಯಿಂದ ನಿಂತಿರುತ್ತಿದ್ದರು. ಕುರ್ಚಿಯಿಂದ ಕೈಯೂರದೆ ಏಳುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ಜಿಮ್ಮಿನಿಂದ ತಂದ ಮರದ ಮೆಟ್ಟಿಲನ್ನು ಹತ್ತಿ ಇಳಿಯುವುದು. "ಉಸಿರು ಕಟ್ಟಬೇಡಿ ಮಾವ, ಬಿಡಿ, ಬಿಡಿ!" ಎಂದು ಅವಳು. "ಬಿಟ್ಟೆ ಕಣಮ್ಮ, ಇನ್ನು ಉಳಿದಿರೋದೇ ಸ್ವಲ್ಪ!" ಎಂದು ಅವರು. ಅಡುಗೆಮನೆಯಿಂದ ಅತ್ತೆಯ ಒಗ್ಗರಣೆ: "ಏಳಿ, ಕೂತ್ಕೊಳ್ಳಿ, ಏಳಿ, ಕೂತ್ಕೊಳ್ಳಿ... ಚಿಕ್ಕಂದಿನಲ್ಲಿ ಮೇಷ್ಟ್ರು ಕೊಟ್ಟಿದ್ದು ಸಾಲಲಿಲ್ಲ ಅಂತ ಈಗ ಸೊಸೆ ಕೈಲಿ ಶಿಕ್ಷೆ!" ಆಗ ಆ ಮನೆಯಲ್ಲಿ ನಗು ಇತ್ತು. ಆ ನಗು ಇದ್ದದ್ದು ಮೂರ್ನಾಲ್ಕು ವಾರ, ಅಷ್ಟೇ.

ಐದನೇ ವಾರದಿಂದ ಅತ್ತೆಯ ರೀತಿ ಬದಲಾಯಿತು. ತಮಾಷೆ ನಿಂತಿತು. "ಸಾಕು ನಿಲ್ಸಿ", "ವಯಸ್ಸಿಗೆ ತಕ್ಕ ಹಾಗೆ ಇರಿ", "ನಿನ್ನ ಪರೀಕ್ಷೆಗೆ ನನ್ನ ಗಂಡನೇ ಸಿಕ್ಕಿದ್ನಾ?" ಎಂದು ಹೊತ್ತಿಲ್ಲ ಗೊತ್ತಿಲ್ಲ ಕಿಡಿಕಾರುವುದು. ಒಂದು ಸಂಜೆ ಸೊಸೆ ಕೆಲಸದಿಂದ ಬಂದು ನೋಡುತ್ತಾಳೆ, ಮರದ ಮೆಟ್ಟಿಲೇ ಇಲ್ಲ!

"ಅತ್ತೆ, ಮೆಟ್ಟಿಲೆಲ್ಲಿ?"

"ಗುಜರಿಯವನು ಬಂದಿದ್ದ. ಹಾಕಿದೆ."

"ಹಾಕಿದ್ರಾ! ಅದು ಜಿಮ್ಮಿನದು ಅತ್ತೆ! ಇನ್ನು ಬರೀ ನಾಲ್ಕು ವಾರ ಇರೋದು ಅಂತ ಗೊತ್ತಿತ್ತಲ್ಲ ನಿಮಗೆ?"

"ಗೊತ್ತಿದ್ದೇ ಹಾಕಿದ್ದು. ಈ ಮನೇಲಿ ಇನ್ನು ಯಾರೂ ಹತ್ತೋದೂ ಬೇಡ, ಇಳಿಯೋದೂ ಬೇಡ."

ಸೊಸೆ ಹದಿನಾಲ್ಕು ವರ್ಷ ನುಂಗಿಕೊಂಡದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು. "ನಾನು ಟವೆಲ್ ಕೊಡೋಳಾಗೇ ಸಾಯ್ಬೇಕು, ಅಲ್ವಾ ಅತ್ತೆ? ನಾನೊಂದು ಮೆಟ್ಟಿಲು ಮೇಲೆ ಹೋದ್ರೆ ನಿಮ್ಮ ಕಣ್ಣು ಉರಿಯತ್ತೆ! ನಿಮ್ಮಂಥ ಕಲ್ಲು ಮನಸ್ಸಿನೋರನ್ನ ನಾನೆಲ್ಲೂ ನೋಡಿಲ್ಲ... ಇವತ್ತಿಂದ ನನ್ನ ನಿಮ್ಮ ಮಾತು ಮುಗೀತು!"

ಅತ್ತೆ ಏನೋ ಹೇಳಲು ಬಾಯಿ ತೆರೆದವರು ಗಂಡನ ಕಡೆ ನೋಡಿದರು. ಮಾವ ತಲೆಯನ್ನು ಕಂಡೂ ಕಾಣದ ಹಾಗೆ ಅಡ್ಡಡ್ಡ ಆಡಿಸಿದರು. ಅತ್ತೆ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ಸೊಸೆಗೆ ಕಂಡದ್ದು ಹಾಕಿದ ಬಾಗಿಲೊಂದೇ. ಮಾವ ಮಾರನೆಯ ದಿನ ಬಟ್ಟೆ ಕತ್ತರಿಸುವ ಹಲಗೆಯನ್ನೇ ಎರಡು ಪೆಟ್ಟಿಗೆಯ ಮೇಲೆ ಬಡಿದು ಹೊಸ ಮೆಟ್ಟಿಲು ಮಾಡಿಕೊಟ್ಟರು. ಅಂದಿನಿಂದ ಅತ್ತೆ ಸೊಸೆ ಒಂದೇ ಒಲೆಯ ಎರಡು ಕಡೆ ಮೂಗಿಯರ ಹಾಗೆ ಅಡುಗೆ ಮಾಡಿದರು. ಉಪ್ಪು ಬೇಕಾದರೆ ಗೋಡೆಗೆ ಹೇಳುವುದು!

ಪರೀಕ್ಷೆಯ ದಿನ ಬಂತು. ಅದೇ ಜಿಮ್ಮಿನಲ್ಲಿ, ಬೆಳಗಿನ ಹತ್ತು ಗಂಟೆಗೆ. ಗೋಡೆಯುದ್ದಕ್ಕೂ ಕನ್ನಡಿ, ರಬ್ಬರ್ ಹಾಸಿನ ವಾಸನೆ, ಒಂದು ಮೂಲೆಯಲ್ಲಿ ಕಬ್ಬಿಣದ ಬಿಲ್ಲೆಗಳ ರಾಶಿ. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಭ್ಯಾಸಬಲದಿಂದ ಕತ್ತಿಗೆ ಟೇಪನ್ನೂ ಹಾಕಿಕೊಂಡೇ ಬಂದಿದ್ದರು. ಪರೀಕ್ಷಕಿ ಕನ್ನಡಕದ, ಮಾತು ಕಡಿಮೆಯ ಹೆಂಗಸು. ಫಾರಂ ನೋಡಿದರು. "ಇದನ್ನ ನಾನೊಂದ್ಸಲ ಕೇಳ್ತೀನಿ ಯಜಮಾನ್ರೇ, ಕೂತ್ಕೊಳ್ಳಿ" ಎಂದು ಒಂದೊಂದಾಗಿ ಓದಿದರು. ಒಂದಕ್ಕೆ ಇಲ್ಲ. ಎರಡಕ್ಕೆ ಇಲ್ಲ. ಮೂರಕ್ಕೆ, ನಾಲ್ಕಕ್ಕೆ ಇಲ್ಲ.

"ತಲೆ ಸುತ್ತಿ ಬೀಳೋ ಹಾಗೆ ಯಾವತ್ತಾದ್ರೂ ಆಗಿದೆಯಾ?"

ಮಾವನ ಬಲಗೈ ಮೆಲ್ಲಗೆ ಮೇಲಕ್ಕೆ ಹೋಯಿತು. ಟೇಪಿನ ತುದಿಯನ್ನು ಹಿಡಿಯಿತು. ಬೆರಳಿಗೆ ಒಂದು ಸುತ್ತು... ಎರಡು ಸುತ್ತು...

"ಇಲ್ಲ ತಾಯಿ" ಎಂದರು ಮಾವ.

ಸೊಸೆಗೆ ಗೊತ್ತಾಯಿತು! ಇಡೀ ಕೋಣೆಯಲ್ಲಿ ಅವಳೊಬ್ಬಳಿಗೆ ಮಾತ್ರ ಗೊತ್ತಾಯಿತು. "ಸ್ವಲ್ಪ ತಡೀರಿ ಮೇಡಂ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದರ ಹಿಂದೆಯೇ ಮತ್ತೊಂದು ಯೋಚನೆಯೂ ಬಂತು. ಈಗ ಬಾಯಿಬಿಟ್ಟರೆ ಮತ್ತೆ ಆರು ತಿಂಗಳು. ಮತ್ತೆ ಟವೆಲ್ಲು. ಮತ್ತೆ ಅತ್ತೆಯ ಮುಂದೆ ತಲೆತಗ್ಗಿಸುವುದು... ಹತ್ತು ನಿಮಿಷದ ಕೆಲಸ ತಾನೇ, ಮನೆಗೆ ಹೋಗಿ ಕೇಳಿದರಾಯಿತು. ಅವಳು ಬಾಯಿ ಮುಚ್ಚಿಕೊಂಡಳು. ನಾವೆಲ್ಲ ಜೀವನದಲ್ಲಿ ಒಂದಲ್ಲ ಒಂದು ಕಡೆ ಹೀಗೆ ಬಾಯಿ ಮುಚ್ಚಿಕೊಂಡವರೇ, ಎಲ್ಲರಿಗೂ ಅದಕ್ಕೆ ಇಷ್ಟು ದೊಡ್ಡ ಬೆಲೆ ತೆರಬೇಕಾಗಿ ಬರುವುದಿಲ್ಲ, ಅಷ್ಟೇ. ಮಾವ ಹತ್ತಿದರು, ಇಳಿದರು, ಎದ್ದರು, ಕೂತರು, ಒಂದು ತಪ್ಪಿಲ್ಲದೆ. ಪರೀಕ್ಷಕಿ ಮೊದಲ ಸಲ ನಕ್ಕು, "ಚೆನ್ನಾಗಿ ತಯಾರು ಮಾಡಿದ್ದೀರ" ಎಂದರು. ಸೊಸೆ ಅಲ್ಲೇ, ಎಲ್ಲರೆದುರು, ಮಾವನ ಕೈ ಹಿಡಿದುಕೊಂಡು ಅತ್ತುಬಿಟ್ಟಳು. ಸಂತೋಷಕ್ಕೆ ಅತ್ತಳು ಅಂದುಕೊಂಡರು ಎಲ್ಲರೂ.

ಮನೆಗೆ ಬರುವ ದಾರಿಯಲ್ಲಿ ಕೇಳಿದಳು. "ಮಾವ, ನಿಜ ಹೇಳಿ. ತಲೆ ಸುತ್ತತ್ತಾ ನಿಮಗೆ?"

"ಇವತ್ತು ಆ ಮಾತೆಲ್ಲ ಬೇಡ. ನಾಳೆ ನೋಡೋಣ ಬಿಡು ಮಗಳೇ."

ನಾಳೆ! ಬೀದಿಗೆಲ್ಲ ಗೊತ್ತಿದ್ದ ಆ ನಾಳೆಯನ್ನು ಅವಳು ಹೇಗೆ ನಂಬಿದಳೋ. ಕಪ್ಪು ಟೀ ಶರ್ಟು ಬಂತು, ಬೆನ್ನ ಮೇಲೆ 'ಟ್ರೈನರ್' ಎಂದು ಬಿಳಿ ಅಕ್ಷರ. ಮಾವನೇ ಅದರ ಪಕ್ಕ ಹಿಡಿದು ಅಳತೆಗೆ ಸರಿಮಾಡಿ ಕೊಟ್ಟರು. ಮೊದಲ ವಾರ ಹೊಸ ಕೆಲಸದ ಗಡಿಬಿಡಿ. ಎರಡನೇ ವಾರ ಬೆಳಗ್ಗೆ ಸಂಜೆ ಎರಡೂ ಹೊತ್ತು ಜನ. "ಈ ಸೋಮವಾರ ಡಾಕ್ಟರ ಹತ್ರ ಹೋಗೋಣ ಮಾವ" ಎಂದಳು, ಸೋಮವಾರ ಯಾರಿಗೋ ತರಬೇತಿ ಇತ್ತು. ಪರೀಕ್ಷೆಯಾದ ಹತ್ತೊಂಬತ್ತನೆಯ ದಿನ, ಮಧ್ಯಾಹ್ನ ಮೂರು ಗಂಟೆಗೆ, ಮಾವ ಕತ್ತರಿ ತೆಗೆದುಕೊಳ್ಳಲು ಯಂತ್ರದ ಮುಂದಿನಿಂದ ಎದ್ದು ನಿಂತವರು, ನಿಂತಲ್ಲಿಂದಲೇ ಕುಸಿದು ಬಿದ್ದರು. ಅವಳು ಆಗ ಜಿಮ್ಮಿನಲ್ಲಿ ಯಾರದೋ ಮುಂದೆ ನಿಂತು "ಉಸಿರು ಬಿಡಿ, ಬಿಡಿ" ಎನ್ನುತ್ತಿದ್ದಳು.

ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ಡಾಕ್ಟರು ಮೂವರನ್ನೂ ನಿಲ್ಲಿಸಿಕೊಂಡು, ಎಲ್ಲ ಮುಗಿಯಿತು ಎಂಬುದನ್ನು ಮೆಲ್ಲಗೆ ಹೇಳಿದರು. ಹೃದಯದ ಕವಾಟ ಬಹಳ ದಿನದಿಂದ ಬಿಗಿದುಕೊಂಡು ಬಂದಿತ್ತಂತೆ. ಆಮೇಲೆ ಕೇಳಿದರು: "ಇವರಿಗೆ ಮುಂಚೆ ತಲೆಸುತ್ತು ಬರ್ತಿತ್ತಾ?"

ಗಂಡ "ಇಲ್ಲ ಡಾಕ್ಟ್ರೇ" ಎಂದ.

"ಬರ್ತಿತ್ತು" ಎಂದರು ಅತ್ತೆ. "ಮುಂಚಿಂದ್ಲೂ ಆಗಾಗ ಇತ್ತಂತೆ, ನಂಗೆ ಗೊತ್ತಾಗಿ ಎರಡು ತಿಂಗಳ ಮೇಲಾಯ್ತು."

"ಆಗಲೇ ಕರ್ಕೊಂಡು ಬಂದಿದ್ರೆ ಏನಾದ್ರೂ ಮಾಡಬಹುದಿತ್ತು ಅಮ್ಮ." ಡಾಕ್ಟರು ಇಷ್ಟು ಹೇಳಿ ಒಳಗೆ ಹೋದರು.

ಮಗ ಸಿಡಿದ. "ಗೊತ್ತಿತ್ತಾ ನಿಂಗೆ? ಗೊತ್ತಿದ್ದೂ ಸುಮ್ಮನಿದ್ಯಾ ಅಮ್ಮ?"

"ಆಣೆ ಹಾಕಿಸ್ಕೊಂಡ್ರು ಕಣೋ!" ಅತ್ತೆ ಗೋಡೆಗೆ ಒರಗಿ ಅಲ್ಲೇ ನೆಲಕ್ಕೆ ಕುಸಿದರು. "ಒಂದಿನ ಬಾಗಿಲ ಚೌಕಟ್ಟು ಹಿಡ್ಕೊಂಡು ಕಣ್ಣು ಕತ್ತಲೆ ಅಂದ್ರು. ಹುಡುಗಿಗೆ ಹೇಳಿದ್ರೆ ನನ್ನಾಣೆ, ಅವಳ ಪರೀಕ್ಷೆ ನಿಂತುಹೋಗತ್ತೆ, ಮುಗೀಲಿ, ಆಮೇಲೆ ನಾನೇ ಡಾಕ್ಟರ ಹತ್ರ ಬರ್ತೀನಿ ಅಂದ್ರು... ಬಾಯಿ ಕಟ್ಟಿಹಾಕಿದ್ರು. ಹೇಗೆ ನಿಲ್ಸಲಿ ನಾನು? ಬೈದೆ, ಕೂಗಾಡ್ದೆ, ಮೆಟ್ಟಿಲು ತಗೊಂಡೋಗಿ ಗುಜರಿಗೆ ಹಾಕ್ದೆ! ನನ್ನ ಕೈಲಿ ಇನ್ನೇನಾಗ್ತಿತ್ತು? ನಂಗೆ ಹೊಟ್ಟೆಕಿಚ್ಚು ಅಂದಳು ಇವಳು... ಅನ್ಲಿ. ಒಂದೇ ಒಂದ್ಸಲ, ಯಾಕೆ ಅತ್ತೆ ಹೀಗೆ ಮಾಡಿದ್ರಿ ಅಂತ ಕೇಳಿದ್ದಿದ್ರೆ ಆಣೆ ಮುರಿದು ಹೇಳ್ಬಿಡ್ತಿದ್ದೆ ಕಣೇ! ಕೇಳಲೇ ಇಲ್ವಲ್ಲೇ ನೀನು..."

'ನಂಗೂ ಗೊತ್ತಿತ್ತು ಅತ್ತೆ' ಎಂಬ ಮಾತು ಸೊಸೆಯ ನಾಲಿಗೆಯ ತುದಿಗೆ ಬಂತು. ಎರಡು ಸುತ್ತು ಟೇಪು ಅವಳ ಕಣ್ಣ ಮುಂದೆಯೇ ಇತ್ತು. ಅಂದೂ ಅವಳು ಹೇಳಲಿಲ್ಲ.

ಅದಾದ ಮೇಲೆ ಮನೆಯಲ್ಲಿ ಯಂತ್ರದ ಸದ್ದಿಲ್ಲ, ಬೈಗುಳವಿಲ್ಲ. ಅತ್ತೆ ಬೈಯುವುದನ್ನೇ ಬಿಟ್ಟರು. ಅವರು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎಂದು ಸೊಸೆಗೆ ಅನ್ನಿಸುತ್ತಿತ್ತು. ಜಿಮ್ಮಿನಲ್ಲಿ ಹೊಸಬರು ಬಂದು ಎದುರು ಕೂತಾಗ, ನಾಲ್ಕು ಪ್ರಶ್ನೆಯವರೆಗೆ ಸರಾಗವಾಗಿ ಕೇಳುತ್ತಿದ್ದವಳು ಐದನೆಯದಕ್ಕೆ ತಡವರಿಸುತ್ತಿದ್ದಳು. ಕೇಳುವಾಗ ಅವರ ಬಾಯಿ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಬೆನ್ನ ಮೇಲಿನ ಬಿಳಿ ಅಕ್ಷರ ಸುಡುತ್ತಿತ್ತು. ಒಂದು ತಿಂಗಳು ಹೀಗೇ ತಡೆದುಕೊಂಡು, ಒಂದು ಬೆಳಗ್ಗೆ ಸರ್ಟಿಫಿಕೇಟು ಕೊಟ್ಟವರಿಗೆ ಕಾಗದ ಬರೆದಳು. ಫಾರಂ ತುಂಬಿದ್ದು ನಾನು, ಅವರನ್ನು ಕೇಳಿರಲಿಲ್ಲ, ಪರೀಕ್ಷೆಯ ದಿನ ಅವರು ಸುಳ್ಳು ಹೇಳುತ್ತಿದ್ದಾರೆಂದು ಗೊತ್ತಿದ್ದೂ ಸುಮ್ಮನಿದ್ದೆ, ಎಂದು. ಸರ್ಟಿಫಿಕೇಟನ್ನೂ ಅದರ ಜೊತೆಗೇ ಲಕೋಟೆಗೆ ಹಾಕಿದಳು.

"ಹುಚ್ಚಾ ಮೇಡಂ ನಿಮಗೆ? ಯಾರು ಕೇಳಿದ್ರು ನಿಮ್ಮನ್ನ?" ಎಂದ ಮ್ಯಾನೇಜರ್.

"ಯಾರೂ ಕೇಳಲಿಲ್ಲ ಸರ್" ಎಂದಳು. ಟೀ ಶರ್ಟು ಮಡಚಿ ಕೊಟ್ಟು, ಬಾಗಿಲ ಮೇಜಿನಲ್ಲಿ ಮತ್ತೆ ಟವೆಲ್ಲುಗಳ ಪಕ್ಕ ಕೂತಳು. ಅವಳು ಒಪ್ಪಿಕೊಂಡದ್ದನ್ನೆಲ್ಲ ಎತ್ತಿ ಬರೆದು, ಮಾಡಬೇಕಿದ್ದರೆ ಮತ್ತೊಬ್ಬರ ಜೊತೆ ಹನ್ನೆರಡು ವಾರ ಮೊದಲಿನಿಂದ ಮಾಡಿ ಎಂದು ಅಲ್ಲಿಂದ ಉತ್ತರ ಬಂತು. ಅದನ್ನು ಮಡಚಿ ಬೀರುವಿನಲ್ಲಿಟ್ಟಳು. ಇನ್ನೊಮ್ಮೆ ಮಾಡುವ ಮನಸ್ಸು ಅವಳಿಗೆ ಎಲ್ಲಿತ್ತು?

ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ, ಜಿಮ್ಮು ಖಾಲಿಯಾಗಿರುವ ವೇಳೆಯಲ್ಲಿ, ಅತ್ತೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಕೊಂಡು ಬಂದರು. ಸೊಸೆ ಅಲ್ಲಿ ಕೆಲಸಕ್ಕೆ ಸೇರಿದ ಆರು ವರ್ಷದಲ್ಲಿ ಮೊದಲ ಸಲ! ಸೊಸೆ ಗಾಬರಿಯಿಂದ ಎದ್ದು ನಿಂತಳು. ಅತ್ತೆ ಕನ್ನಡಿಗಳನ್ನು ಒಮ್ಮೆ ನೋಡಿ, "ಏನು ಇಷ್ಟೊಂದು ಕನ್ನಡಿ, ಮುಖ ನೋಡ್ಕೊಳೋಕೆ ಬರ್ತಾರಾ ಜನ?" ಎಂದು ಗೊಣಗಿ, ಎದುರಿನ ಕುರ್ಚಿಯಲ್ಲಿ ಕೂತು, ಸೆರಗಿನೊಳಗಿಂದ ಬೀರುವಿನಲ್ಲಿದ್ದ ಆ ಉತ್ತರದ ಕಾಗದವನ್ನೂ ಮಾವನ ಟೇಪನ್ನೂ ತೆಗೆದು ಮೇಜಿನ ಮೇಲಿಟ್ಟರು.

"ನನ್ನ ಮಗ ಓದಿ ಹೇಳಿದ. ಅರವತ್ತು ದಾಟಿದ ಒಬ್ಬರು ಬೇಕಂತಲ್ಲ. ಹೂಂ, ಕೇಳು. ಎಂಟೂ ಕೇಳು."

ಸೊಸೆ ಟೇಪನ್ನೇ ನೋಡುತ್ತಿದ್ದಳು. "ಅತ್ತೆ... ಪರೀಕ್ಷೆ ದಿನ ಮಾವ ಇಲ್ಲ ಅಂದಾಗ, ಟೇಪು ಬೆರಳಿಗೆ ಸುತ್ಕೊಂಡ್ರು. ನಂಗೆ ಗೊತ್ತಾಯ್ತು. ಗೊತ್ತಾಗಿಯೂ ನಾನು..." ಮುಂದಕ್ಕೆ ಹೋಗಲಾರದೆ ಬಿಕ್ಕಿದಳು.

ಅತ್ತೆ ಮೇಜಿನ ಮೇಲಿನ ಕಾಗದವನ್ನು ಅವಳ ಕಡೆಗೆ ಸರಿಸಿದರು.

"ಕಾಗದ ಕೇಳಿದಾಗ ಅದೂ ಗೊತ್ತಾಯ್ತು ಕಣೇ. ಒಂದು ವಾರ ನಿನ್ನ ಮುಖ ನೋಡೋಕೆ ಆಗಲಿಲ್ಲ ನಂಗೆ. ಆಮೇಲೆ ನನ್ನ ಮುಖಾನೂ ನೋಡ್ಕೊಳೋಕೆ ಆಗಲಿಲ್ಲ. ನೀನು ಹತ್ತೊಂಬತ್ತು ದಿನ ಸುಮ್ಮನಿದ್ದೆ. ನಾನು ಎರಡು ತಿಂಗಳು." ಕಣ್ಣೊರೆಸಿಕೊಂಡರು. "ಈಗ ಕೇಳ್ತೀಯೋ, ಎದ್ದು ಹೋಗ್ಲೋ?"

ಸೊಸೆ ಹೊಸ ಫಾರಂ ತೆಗೆದಳು. ಒಂದೊಂದನ್ನೇ ಓದಿದಳು, ಒಂದೊಂದಕ್ಕೂ ಕಾದಳು. ಮಂಡಿ ನೋವು ಎಷ್ಟು ವರ್ಷದ್ದು, ರಕ್ತದೊತ್ತಡದ ಮಾತ್ರೆಯನ್ನು ಅಕ್ಕಿ ಡಬ್ಬಿಯ ಹಿಂದೆ ಯಾಕೆ ಬಚ್ಚಿಟ್ಟಿದ್ದು, ಎಲ್ಲ ಹೊರಗೆ ಬಂತು. ಒಂದೇ ಮನೆಯಲ್ಲಿದ್ದೂ ಇದ್ಯಾವುದೂ ಅವಳಿಗೆ ಗೊತ್ತಿರಲಿಲ್ಲ. ಐದನೆಯದಕ್ಕೆ ಬಂದಳು.

"ತಲೆ ಸುತ್ತಿ ಬೀಳೋ ಹಾಗೆ... ಆಗಿದ್ದುಂಟಾ ಅತ್ತೆ?"

"ಇವರು ಹೋದಮೇಲೆ ಎರಡು ಸಲ. ಒಂದ್ಸಲ ಸ್ನಾನದ ಮನೇಲಿ."

ಸೊಸೆ ಮೂರನೆಯ ಸಲ 'ಹೌದು' ಎಂಬಲ್ಲಿ ಗುರುತು ಹಾಕಿ ಪೆನ್ನು ಕೆಳಗಿಟ್ಟಳು. "ಹಾಗಾದ್ರೆ ಶುರು ಮಾಡೋ ಹಾಗಿಲ್ಲ ಅತ್ತೆ. ಮೊದಲು ಡಾಕ್ಟರು ನೋಡ್ಬೇಕು. ಈ ಸಲದ ಪರೀಕ್ಷೆ ತಪ್ಪಿಹೋಗತ್ತೆ."

"ಹೋಗ್ಲಿ."

"ಇನ್ನೂ ಆರು ತಿಂಗಳು..."

"ಹೋಗ್ಲಿ ಅಂದ್ನಲ್ಲ." ಅತ್ತೆ ಟೇಪನ್ನು ಸುರುಳಿ ಸುತ್ತಿ ಸೊಸೆಯ ಕೈಯಲ್ಲಿಟ್ಟರು. ಕೇಳಿದರು: "ಇವರನ್ನೂ ಅವತ್ತು ಹೀಗೇ ಎದುರಿಗೆ ಕೂರಿಸ್ಕೊಂಡು ಕೇಳಿದ್ದಿದ್ರೆ ಹೇಳ್ತಿದ್ರೇನೋ, ಅಲ್ವಾ?"

ಸೊಸೆ ಟೇಪನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

"ಇಲ್ಲ ಅತ್ತೆ. ಹೇಳ್ತಿರಲಿಲ್ಲ. ಆದ್ರೂ ನಾನು ಕೇಳಬೇಕಿತ್ತು."

ಮ್ಯಾನೇಜರಿಗೆ ಅರ್ಧ ದಿನ ರಜೆ ಹೇಳಿ ಬಂದು, ಅತ್ತೆಯ ಚಪ್ಪಲಿಯನ್ನು ಅವರ ಕಾಲ ಬಳಿ ಇಟ್ಟು, ಏಳಲು ಕೈ ಕೊಟ್ಟಳು. ಆಸ್ಪತ್ರೆಯ ಸಮಯ ಒಂದು ಗಂಟೆಗೆ ಮುಗಿಯುತ್ತಿತ್ತು, ನಾಳೆ ಹೋಗೋಣ ಎಂದು ಇಬ್ಬರಲ್ಲಿ ಯಾರೂ ಹೇಳಲಿಲ್ಲ.